ನೀರಿನಲ್ಲಿ ಫಿಟ್ಸ್ ಬಂದರೆ ಈಜು ಕೈಹಿಡಿಯದು

ಮುಳುಗುತ್ತಿರುವವರು ಕೂಗಿಕೊಳ್ಳುತ್ತಾರೆ, ಕೈಯೆತ್ತಿ ಕರೆಯುತ್ತಾರೆ ಎಂದೇ ನಮ್ಮ ನಂಬಿಕೆ. ಈಜುವಾಗ ಫಿಟ್ಸ್ ಬಂದವರು ಹಾಗೆ ಮಾಡಲಾರರು. ಅವರ ಕೈಕಾಲು ಅದುರುವುದು ನೋಡುವವರಿಗೆ ನೀರಾಟದಂತೆಯೇ ಕಾಣಬಹುದು. ಎಷ್ಟೇ ಪಳಗಿದ ಈಜುಗಾರರಿಗೂ ಆ ಗಳಿಗೆಯಲ್ಲಿ ಕಲಿತ ಈಜು ನೆರವಿಗೆ ಬರುವುದಿಲ್ಲ. ಏಕೆಂದರೆ ಈಜಬೇಕಾದ ಮಿದುಳೇ ಆಗ ಕೈಬಿಟ್ಟಿರುತ್ತದೆ.

ನಮ್ಮ ನರಕೋಶಗಳು ಮಾತಾಡುವುದು ವಿದ್ಯುತ್ತಿನಲ್ಲಿ. ಸುಮ್ಮನಿರುವ ಕೋಶದ ಒಳಗಡೆ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ವಿದ್ಯುದಾವೇಶ ಹೊತ್ತ ಸೋಡಿಯಂ ಕಣಗಳು, ಅಂದರೆ ಅಯಾನುಗಳು, ಒಳನುಗ್ಗಿದಾಗ ಸಂಕೇತ ಹೊರಡುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಕೋಶಗಳನ್ನು ಕೆರಳಿಸಿದರೆ, ಗಾಬಾ ಎಂಬ ಇನ್ನೊಂದು ರಾಸಾಯನಿಕ ತಣಿಸುತ್ತದೆ. ಈ ತೂಕ ತಪ್ಪಿದಾಗ ಅಸಂಖ್ಯ ಕೋಶಗಳು ಒಟ್ಟಿಗೇ ಮಿಡಿಯತೊಡಗುತ್ತವೆ. ತುಂಬಿದ ಸಭೆಯಲ್ಲಿ ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಯಾರ ಮಾತೂ ಕೇಳಿಸದಲ್ಲ, ಹಾಗೆ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಆ ಅಲೆಗಳನ್ನು ದಾಖಲಿಸುವ ಇಂದಿನ ಇಇಜಿ ಪರೀಕ್ಷೆಯಲ್ಲಿ ಈ ಚಪ್ಪಾಳೆ ಚೂಪಾದ ಏರಿಳಿತಗಳಾಗಿ ಕಾಣುತ್ತದೆ.

ಮೈಯೆಲ್ಲ ಆವರಿಸುವ ದೊಡ್ಡ ಫಿಟ್ಸ್‌ನ ಮೊದಲ ಕೆಲವು ಸೆಕೆಂಡುಗಳನ್ನು ಹತ್ತಿರದಿಂದ ಗಮನಿಸಿ. ಸ್ನಾಯುಗಳೆಲ್ಲ ಒಮ್ಮೆಲೇ ಸೆಟೆದುಕೊಳ್ಳುತ್ತವೆ. ಎದೆ ಬಿಗಿದು ಒಳಗಿನ ಗಾಳಿ ಗಂಟಲಿನಿಂದ ಹೊರದೂಡಲ್ಪಡುತ್ತದೆ. ನೆಲದ ಮೇಲೆ ಬಿದ್ದವರ ಬಾಯಿಂದ ಕೇಳಿಬರುವ ಚೀತ್ಕಾರ ಇದೇ, ನೋವಿನ ಕೂಗಲ್ಲ. ನೀರಿನಲ್ಲಿ ಈ ಗಾಳಿಯೇ ನಮ್ಮನ್ನು ತೇಲಿಸುವಂಥದ್ದು. ಅದು ಹೋದರೆ ದೇಹ ಮುಳುಗುತ್ತದೆ. ಅದುರು ನಿಂತ ಮೇಲೆ ಉಸಿರು ಜೋರಾಗಿ ಮರಳುತ್ತದೆ. ಮುಖ ನೀರೊಳಗಿದ್ದರೆ ಶ್ವಾಸಕೋಶ ಸೇರುವುದು ನೀರು. ಉಸಿರು ಬಿಗಿಹಿಡಿಯಲು ಎಚ್ಚರವೇ ಇರುವುದಿಲ್ಲವಲ್ಲ!

ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಇರುವವರು ಮುಳುಗಿ ಸಾಯುವ ಅಪಾಯ ಇತರರಿಗಿಂತ 15ರಿಂದ 19 ಪಟ್ಟು ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗೆಂದು ಇವರನ್ನು ನೀರಿಗೇ ಇಳಿಸಬಾರದೆಂಬ ಕಟ್ಟುಪಾಡನ್ನು ನಾನು ಒಪ್ಪಲಾರೆ. ಸರಿಯಾದ ಔಷಧ ಸಿಕ್ಕರೆ 70 ಪ್ರತಿಶತದಷ್ಟು ಜನ ಫಿಟ್ಸ್ ಇಲ್ಲದೆ ಬಾಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತ್ರೆ ತಪ್ಪಿದ ದಿನ, ನಿದ್ದೆಗೆಟ್ಟ ದಿನ ಈಜು ಬೇಡ. ಉಳಿದ ದಿನಗಳಲ್ಲಿ ವೈದ್ಯರನ್ನು ಕೇಳಿಕೊಂಡು, ವಿಷಯ ಗೊತ್ತಿರುವ, ಎತ್ತಿ ಹಿಡಿಯಬಲ್ಲ ಒಬ್ಬರ ಜೊತೆ ಇಳಿಯಬಹುದು. ದೋಣಿಯಲ್ಲಿ ಹೋಗುವಾಗ, ಪ್ರಜ್ಞೆ ತಪ್ಪಿದರೂ ಮುಖವನ್ನು ಮೇಲಕ್ಕೆ ತಿರುಗಿಸುವಂಥ ಲೈಫ್ ಜಾಕೆಟ್ ಇರಲಿ. ಜನ ಮರೆಯುವುದು ಸ್ನಾನದ ಮನೆಯನ್ನು. ಬಾತ್‌ಟಬ್ಬಿನ ಗೇಣುದ್ದ ನೀರೂ ಜೀವ ತೆಗೆಯಬಲ್ಲದು. ಶವರ್ ವಾಸಿ, ಕೂತು ಮೀಯುವುದು ಇನ್ನೂ ವಾಸಿ. ಬಾಗಿಲ ಚಿಲಕ ಹಾಕಬೇಡಿ.

ಜೊತೆಗಿದ್ದವರಿಗೆ ನೀರಿನಲ್ಲೇ ಫಿಟ್ಸ್ ಬಂದರೆ ಹಿಂದಿನಿಂದ ತಲೆಯನ್ನು ಆಧರಿಸಿ, ಮುಖ ನೀರಿನಿಂದ ಮೇಲಿರುವಂತೆ ಹಿಡಿಯಿರಿ. ಅದುರನ್ನು ಒತ್ತಿ ತಡೆಯಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಅದುರು ನಿಂತೊಡನೆ ದಡಕ್ಕೆ ತನ್ನಿ. ಉಸಿರಿಲ್ಲದಿದ್ದರೆ ಕೃತಕ ಉಸಿರಾಟ, ಎದೆಯೊತ್ತು ಎರಡನ್ನೂ ಶುರುಮಾಡಿ, ಆಂಬುಲೆನ್ಸ್ ಕರೆಸಿ. ಎದ್ದು ಕೂತು ‘ನನಗೇನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಒಳಹೋದ ನೀರಿನ ತೊಂದರೆ ಕೆಲವು ತಾಸು ಬಿಟ್ಟೂ ಕಾಣಿಸಿಕೊಳ್ಳಬಹುದು.