ಚಿಕ್ಕ ರಿವಾಲ್ವರ್, ದಪ್ಪ ಗುಂಡು

ಒಬ್ಬ ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆದ ಅಂದುಕೊಳ್ಳಿ. ಚೆಂಡಿನ ತೂಕ ಸುಮಾರು 160 ಗ್ರಾಂ. ತೂಕವನ್ನು ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. ಎದುರಿಗಿದ್ದುದನ್ನು ತಳ್ಳುವ ಕಸುವು ಅದು. ಕೆಜಿ, ಮೀಟರ್, ಸೆಕೆಂಡುಗಳ ಲೆಕ್ಕದಲ್ಲಿ ಇದು 6.2 ಆಗುತ್ತದೆ. ಈಗ .44 ಸ್ಪೆಷಲ್ ಎಂಬ ದಪ್ಪ ಕಾಡತೂಸನ್ನು ನೋಡಿ (.44 ಅಂದರೆ ಹೆಚ್ಚುಕಡಿಮೆ ಗುಂಡಿನ ಅಗಲ, ಇಂಚಿನ ಲೆಕ್ಕದಲ್ಲಿ). ಅದರ ಗುಂಡು 16 ಗ್ರಾಂ ಸೀಸ, ವೇಗ ಸೆಕೆಂಡಿಗೆ 230 ಮೀಟರ್. ಅದರ ಸಂವೇಗ ಬರೀ 3.7. ಕ್ರಿಕೆಟ್ ಚೆಂಡಿಗಿಂತ ಕಡಿಮೆ!

ಹಾಗಾದರೆ ಸಿನಿಮಾದಲ್ಲಿ ಗುಂಡು ತಗುಲಿದವನು ನಾಲ್ಕು ಅಡಿ ಹಿಂದಕ್ಕೆ ಹಾರಿ ಬೀಳುವುದು? ಅದು ನಡೆಯುವುದಿಲ್ಲ. 70 ಕೆಜಿ ತೂಕದ ಮನುಷ್ಯನಿಗೆ ಈ ಗುಂಡು ಕೊಡಬಲ್ಲ ವೇಗ ಸೆಕೆಂಡಿಗೆ 5 ಸೆಂಟಿಮೀಟರ್. ಇರುವೆ ಸಾಲಿನ ಜೊತೆ ನಡೆದಷ್ಟು. ಎದುರಿನವನನ್ನು ಹಾರಿಸುವ ಶಕ್ತಿ ಗುಂಡಿಗೆ ಇದ್ದಿದ್ದರೆ, ಟ್ರಿಗರ್ ಎಳೆದವನೂ ಅಷ್ಟೇ ದೂರ ಹಿಂದಕ್ಕೆ ಹಾರಬೇಕಿತ್ತು. ಗುಂಡು ಪ್ರಾಣ ತೆಗೆಯುವುದು ತಳ್ಳುವುದರಿಂದಲ್ಲ. ಇಡೀ ಶಕ್ತಿಯನ್ನು 11 ಮಿಲಿಮೀಟರ್ ಅಗಲದ ಜಾಗದಲ್ಲಿ ಸುರಿದು ಒಳಗೆ ತೂರಿಕೊಳ್ಳುವುದರಿಂದ.

ಈ ಲೆಕ್ಕ ಗೊತ್ತಿಲ್ಲದೆ ಜನ ಕಾಡತೂಸು ಆರಿಸುತ್ತಾರೆ. ನನಗೆ ಕಳವಳ ಆಗುವುದು ಅಲ್ಲೇ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಸಿಗುವುದು ಸುಲಭವಲ್ಲ. ಅಮೆರಿಕದಲ್ಲಿ ಹಾಗಲ್ಲ. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಬಟ್ಟೆಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿಯೇ ಬೇಕಿಲ್ಲ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನ್ಯೂಯಾರ್ಕಿನ ಬಿಗಿ ನಿಯಮವನ್ನೂ ತೆಗೆದುಹಾಕಿತು. ಅಲ್ಲಿ ನೆಲೆಸಿರುವ ಕನ್ನಡದವರ ಪಕ್ಕದ ಮನೆಯಲ್ಲೂ ಇಂಥ ರಿವಾಲ್ವರ್ ಇರಬಹುದು. ಆ ಮನೆಯವರು ಯಾವ ಕಾಡತೂಸು ತುಂಬಿದ್ದಾರೆ ಅನ್ನುವುದು ಅವರೊಬ್ಬರಿಗೇ ಸಂಬಂಧಪಟ್ಟ ವಿಷಯ ಅಲ್ಲ, ಅಲ್ವಾ?

ದೊಡ್ಡ ಬೋರಿನ, ಅಂದರೆ ಅಗಲ ನಳಿಗೆಯ, ರಿವಾಲ್ವರ್ ಬೇಕು ಅನ್ನುವ ಆಸೆಗೆ ಹಳೆಯ ಕತೆಯಿದೆ. 1873ರಲ್ಲಿ ಕೋಲ್ಟ್ ಕಂಪನಿಯ .45 ಬಂತು. ಆಮೇಲೆ ಅಮೆರಿಕದ ಸೇನೆ ಸಣ್ಣದಾದ .38ಕ್ಕೆ ಇಳಿಯಿತು. ಫಿಲಿಪ್ಪೀನ್ಸ್‌ನಲ್ಲಿ ಮೋರೋ ಜನರ ಜೊತೆ ಯುದ್ಧ ನಡೆದಾಗ, ಹಲವು ಗುಂಡು ತಗುಲಿದರೂ ಎದುರಾಳಿ ನಿಲ್ಲುವುದಿಲ್ಲ ಎಂದು ಸೈನಿಕರು ದೂರಿದರು. ಹಳೆಯ .45ಗಳನ್ನು ಮತ್ತೆ ಹೊರತೆಗೆದರು. 1904ರಲ್ಲಿ ಜಾನ್ ಥಾಂಪ್ಸನ್ ಮತ್ತು ಲೂಯಿ ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಶಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ ಗುಂಡು ಹಾರಿಸಿ ನೋಡಿದರು. ಹೆಣಗಳ ಮೇಲೂ ಪ್ರಯೋಗ ಮಾಡಿದರು. ಇವತ್ತು ಓದಿದರೆ ಮನಸ್ಸು ಹಿಂಡುತ್ತದೆ. ಸೇನೆಯ ಕೈಬಂದೂಕು .45ಕ್ಕಿಂತ ಸಣ್ಣದಿರಬಾರದು ಎಂದು ಅವರು ತೀರ್ಮಾನಿಸಿದರು. ಪ್ರಾಣಿಗಳ ಸಂಖ್ಯೆ ಕಡಿಮೆ, ಗುಂಡು ತಗುಲಿದ ಜಾಗ ಒಂದೇ ಅಲ್ಲ, ಅಳತೆ ಸಡಿಲ. ಆದರೂ ಆ ಮಾತು ಇವತ್ತಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ.

ಅಳತೆ ಬಿಗಿಯಾದದ್ದು ತುಂಬಾ ತಡವಾಗಿ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐ ತಂಡಕ್ಕೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಒಬ್ಬನಿಗೆ ಶುರುವಿನಲ್ಲೇ ಒಂದು ಗುಂಡು ತೋಳನ್ನು ದಾಟಿ ಎದೆಯೊಳಗೆ ಹೋಯಿತು. ಶ್ವಾಸಕೋಶ ಸೀಳಿತು. ಹೃದಯ ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ನಿಂತುಬಿಟ್ಟಿತು. ಬದುಕುವ ಗಾಯ ಅಲ್ಲ ಅದು. ಆದರೂ ಅವನು ನಿಮಿಷಗಟ್ಟಲೆ ಹೋರಾಡಿದ. ಇಬ್ಬರು ಏಜೆಂಟರು ಸತ್ತರು, ಐದು ಮಂದಿ ಗಾಯಗೊಂಡರು.

ಆಮೇಲೆ ಎಫ್‌ಬಿಐ ಕೇಳಿಕೊಂಡ ಪ್ರಶ್ನೆ ಸರಳವಾಗಿತ್ತು. ಗುಂಡು ತಿಂದ ಮನುಷ್ಯ ನಿಲ್ಲುವುದು ಯಾವಾಗ? ಮೆದುಳಿಗೋ ಬೆನ್ನುಹುರಿಯ ಮೇಲ್ಭಾಗಕ್ಕೋ ತಗುಲಿದರೆ ಕೂಡಲೇ. ಇಲ್ಲದಿದ್ದರೆ ರಕ್ತ ಸೋರಿ ಒತ್ತಡ ಇಳಿಯಬೇಕು. ಹೃದಯವೇ ಒಡೆದುಹೋದರೂ ಮೆದುಳಿನಲ್ಲಿ ಉಳಿದಿರುವ ಆಕ್ಸಿಜನ್ 10ರಿಂದ 15 ಸೆಕೆಂಡು ಕೆಲಸಕ್ಕೆ ಸಾಕು. ಅಂದರೆ ಮೊದಲು ಬೇಕಾದದ್ದು ಆಳ. ಅಗಲ ಆಮೇಲೆ.

ಆಳ ಅಳೆಯಲು ಜೆಲಾಟಿನ್ ಬಳಸುತ್ತಾರೆ. ಇದನ್ನು ಕೊಂಚ ಹತ್ತಿರದಿಂದ ನೋಡೋಣ. ನೂರು ಪಾಲಿನಲ್ಲಿ ಹತ್ತು ಪಾಲು ಜೆಲಾಟಿನ್ ಪುಡಿ, ಉಳಿದದ್ದು ನೀರು. ಕಾಯಿಸಿ, ಅಚ್ಚಿಗೆ ಸುರಿದು, ಫ್ರಿಜ್ಜಿನಲ್ಲಿ 4 ಡಿಗ್ರಿಗೆ ತರಬೇಕು. ನೋಡಲು ಜೇನಿನ ಬಣ್ಣದ ಹಾಲುಬಾಯಿ ಗಟ್ಟಿಯಾಗಿ ನಿಂತಂತೆ ಇರುತ್ತದೆ. ಹದ ಸರಿಯಾಗಿದೆಯಾ ಎಂದು ನೋಡಲು ಮೊದಲು ಆಟದ ಏರ್‌ಗನ್ನಿನ 4.5 ಮಿಲಿಮೀಟರ್ ಉಕ್ಕಿನ ಕಾಳೊಂದನ್ನು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಅದು ಸುಮಾರು 8.5 ಸೆಂಟಿಮೀಟರ್ ಒಳಗೆ ಹೋಗಿ ನಿಲ್ಲಬೇಕು. ಜಾಸ್ತಿ ಹೋದರೆ ಜೆಲಾಟಿನ್ ಮೆತ್ತಗಾಗಿದೆ, ಕಡಿಮೆಯಾದರೆ ಗಟ್ಟಿಯಾಗಿದೆ. ಈ ಹದ ಕೂಡಿಸಿಕೊಟ್ಟವರು ಅಮೆರಿಕ ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್. ದನಗಳ ಮೇಲೆ ಗುಂಡು ಹಾರಿಸುವ ಬದಲು ಹದ ಮಾಡಿದ ಜೆಲಾಟಿನ್! ನನಗೆ ಇದು ವಿಜ್ಞಾನ ಮನುಷ್ಯತ್ವದ ಕಡೆ ಇಟ್ಟ ದೊಡ್ಡ ಹೆಜ್ಜೆ.

ಎಫ್‌ಬಿಐ ಇಟ್ಟ ಗೆರೆ 30ರಿಂದ 46 ಸೆಂಟಿಮೀಟರ್. ಡೆನಿಮ್ ಸೇರಿದಂತೆ ಹಲವು ಪದರದ ಬಟ್ಟೆ ಹೊದಿಸಿಯೂ ಹೊಡೆದು ನೋಡುತ್ತಾರೆ. ಗುಂಡು 30ಕ್ಕಿಂತ ಮೊದಲೇ ನಿಂತರೆ ಮಯಾಮಿಯ ಕತೆ ಮರುಕಳಿಸುತ್ತದೆ. 46 ದಾಟಿದರೆ ಅದು ಎದುರಿನವನನ್ನು ತೂರಿ ಆಚೆ ಹೋಗಬಹುದು. ಆಚೆ ಯಾರಿದ್ದಾರೆ? ಬಸ್ಸಿಗೆ ಕಾಯುವ ಮುದುಕಿ, ಗೋಡೆಯ ಹಿಂದೆ ಮಲಗಿರುವ ಮಗು. ಕಾಡತೂಸು ಆರಿಸುವಾಗ ಎಲ್ಲಕ್ಕಿಂತ ಮೊದಲು ನೆನೆಯಬೇಕಾದದ್ದು ಅವರನ್ನು.

ಈಗ ರಿವಾಲ್ವರಿಗೆ ಬರೋಣ. .44 ಸ್ಪೆಷಲ್ ಕಾಡತೂಸನ್ನು ಸ್ಮಿತ್ ಅಂಡ್ ವೆಸನ್ ತಂದದ್ದು 1907ರ ಹೊತ್ತಿಗೆ. 1973ರಲ್ಲಿ ಚಾರ್ಟರ್ ಆರ್ಮ್ಸ್ ಕಂಪನಿ ಅದನ್ನು ಐದು ಗುಂಡಿನ ಪುಟ್ಟ ರಿವಾಲ್ವರಿಗೆ ಅಳವಡಿಸಿ ಬುಲ್‌ಡಾಗ್ ಎಂದು ಕರೆಯಿತು. ತೂಕ ಸುಮಾರು 600 ಗ್ರಾಂ. ಬಟ್ಟೆಯ ಮರೆಯಲ್ಲಿ ಇಟ್ಟುಕೊಳ್ಳಲು ಹೇಳಿ ಮಾಡಿಸಿದ್ದು. ಕಾಡತೂಸಿನ ಅಳತೆ ಒಂದೇ ಆದರೂ ಒಳಗಿನ ಗುಂಡಿನ ತೂಕ, ಮೂತಿಯ ಆಕಾರ, ಮದ್ದಿನ ಪ್ರಮಾಣ ಬೇರೆ ಬೇರೆ ಇರುತ್ತವೆ. ಇದಕ್ಕೆ ಅಲ್ಲಿನವರು ಲೋಡ್ ಅನ್ನುತ್ತಾರೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ವೇಗ ಬರೆದಿರುತ್ತಾರೆ. ಆ ವೇಗ ಅಳೆದದ್ದು ಸಾಮಾನ್ಯವಾಗಿ ಇದಕ್ಕಿಂತ ಉದ್ದನೆಯ ನಳಿಗೆಯಲ್ಲಿ. ಗಿಡ್ಡ ನಳಿಗೆಯಲ್ಲಿ ಮದ್ದಿನ ಅನಿಲಕ್ಕೆ ಗುಂಡನ್ನು ತಳ್ಳಲು ಪುರುಸೊತ್ತು ಸಿಗುವುದಿಲ್ಲ. ಸಾಲದ್ದಕ್ಕೆ ಕಾಡತೂಸು ತುಂಬುವ, ತಿರುಗುವ ಗಾಲಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಅಲ್ಲಿಂದಲೂ ಬಿಸಿ ಅನಿಲ ಚಿಮ್ಮುತ್ತದೆ. ಆ ಸಂದಿನ ಹತ್ತಿರ ಬೆರಳಿಟ್ಟರೆ ಗಾಯ ಗ್ಯಾರಂಟಿ.

ವೇಗ ಕಡಿಮೆಯಾದರೆ ಏನಾಗುತ್ತದೆ? ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡುಗಳು ಮಾಂಸದೊಳಗೆ ಹೂವಿನ ಹಾಗೆ ಅರಳಬೇಕು. ಅರಳಲು ವೇಗ ಬೇಕು. ನಿಧಾನದ ಗುಂಡಿನ ಗುಳಿಯಲ್ಲಿ ಬಟ್ಟೆಯ ಚೂರು ತುಂಬಿಕೊಂಡು ಅದು ಅರಳದೆಯೇ ಉಳಿಯಬಹುದು. ಇಲ್ಲಿ ದೊಡ್ಡ ಬೋರಿಗೆ ಒಂದು ಅನುಕೂಲ ಇದೆ. ಅರಳದಿದ್ದರೂ ಅದು ಮೊದಲೇ 11 ಮಿಲಿಮೀಟರ್ ದಪ್ಪ. ಆದರೆ ಮೂತಿ ಉರುಟಾಗಿದ್ದರೆ ಮಾಂಸವನ್ನು ಪಕ್ಕಕ್ಕೆ ಸರಿಸಿಕೊಂಡು ಜಾರಿಹೋಗುತ್ತದೆ. ಮೂತಿ ಚಪ್ಪಟೆಯಾಗಿದ್ದರೆ ಕತ್ತರಿಸಿಕೊಂಡು ಹೋಗುತ್ತದೆ. ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಒತ್ತಿ ಪೂರಿ ಕತ್ತರಿಸುತ್ತೇವಲ್ಲ, ಹಾಗೆ. ಅದಕ್ಕೇ ಚಿಕ್ಕ .44ಕ್ಕೆ ಚಪ್ಪಟೆ ಮೂತಿಯ ಸಾದಾ ಸೀಸದ ಗುಂಡು ಇವತ್ತಿಗೂ ಒಳ್ಳೆಯ ಆಯ್ಕೆ ಎಂದು ನನಗನ್ನಿಸುತ್ತದೆ. ಗಿಡ್ಡ ನಳಿಗೆಯಲ್ಲೂ ಅರಳುತ್ತದೆ ಎಂದು ಜೆಲಾಟಿನ್‌ನಲ್ಲಿ ತೋರಿಸಿಕೊಟ್ಟ ಹಾಲೋ ಪಾಯಿಂಟ್ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಅರಳಿದ ಗುಂಡು ಆಚೆ ತೂರಿ ಹೋಗುವ ಸಂಭವ ಕಡಿಮೆ.

ಹಾಗಿದ್ದರೆ ಮದ್ದು ಜಾಸ್ತಿ ತುಂಬಿ ವೇಗ ಏರಿಸಬಾರದಾ? ಏರಿಸಬಹುದು. .44 ಮ್ಯಾಗ್ನಮ್ ಹುಟ್ಟಿದ್ದು 1950ರ ದಶಕದಲ್ಲಿ ಹಾಗೆಯೇ. ಸ್ಪೆಷಲ್‌ಗೆ ಹೋಲಿಸಿದರೆ ಒಳಗಿನ ಒತ್ತಡ ಎರಡು ಪಟ್ಟಿಗೂ ಜಾಸ್ತಿ. ಸ್ಪೆಷಲ್ ರಿವಾಲ್ವರಿಗೆ ಯಾರೂ ತಪ್ಪಿ ಹಾಕದಿರಲಿ ಎಂದು ಅದರ ಚಿಪ್ಪನ್ನು, ಅಂದರೆ ಮದ್ದು ತುಂಬಿದ ಲೋಹದ ಕೊಳವೆಯನ್ನು, 3 ಮಿಲಿಮೀಟರ್ ಉದ್ದ ಮಾಡಿದರು. ಆದರೆ ಹಿಂದೊದೆತಕ್ಕೆ ಯಾವ ರಿಯಾಯಿತಿಯೂ ಇಲ್ಲ. ಗುಂಡಿನ ಸಂವೇಗವಷ್ಟೂ ರಿವಾಲ್ವರಿಗೆ ಬರುತ್ತದೆ. ಅದನ್ನು ರಿವಾಲ್ವರಿನ ತೂಕದಿಂದ ಭಾಗಿಸಿ ನೋಡಿ. 600 ಗ್ರಾಂ ಬುಲ್‌ಡಾಗ್ ಸ್ಪೆಷಲ್ ಗುಂಡು ಹಾರಿಸಿದಾಗ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅದರ ಶಕ್ತಿ ಸುಮಾರು 11 ಜೂಲ್. 1.3 ಕೆಜಿಯ ದೊಡ್ಡ ಮ್ಯಾಗ್ನಮ್ ರಿವಾಲ್ವರಿನದು 12 ಜೂಲ್. ಹೆಚ್ಚುಕಡಿಮೆ ಒಂದೇ! ಒಂದು ಕೆಜಿಯ ಸಿಪ್ಪೆ ಸುಲಿಯದ ತೆಂಗಿನಕಾಯಿ ಒಂದು ಮೀಟರಿಗಿಂತ ತುಸು ಮೇಲಿಂದ ಅಂಗೈಗೆ ಬಿದ್ದಷ್ಟು. ಅದೇ ಮ್ಯಾಗ್ನಮ್ ಗುಂಡನ್ನು 700 ಗ್ರಾಂನ ಹಗುರ ರಿವಾಲ್ವರಿನಿಂದ ಹಾರಿಸಿದರೆ 22 ಜೂಲ್. ತೆಂಗಿನಕಾಯಿ ಈಗ ಎರಡು ಮೀಟರಿಗೂ ಮೇಲಿಂದ ಬೀಳುತ್ತಿದೆ. ಇದು ಬರೀ ಗುಂಡಿನ ಪಾಲು. ಅನಿಲದ ಪಾಲು ಸೇರಿಸಿದರೆ ಇನ್ನೂ ಜಾಸ್ತಿ.

ಎರಡು ಮೂರು ಸಲ ಹೀಗೆ ಏಟು ತಿಂದ ಕೈ ಹೆದರುತ್ತದೆ. ಟ್ರಿಗರ್ ಎಳೆಯುವ ಮುಂಚೆಯೇ ಬೆಚ್ಚಿ ಕೆಳಕ್ಕೆ ವಾಲುತ್ತದೆ. ಗುಂಡು ಎಲ್ಲೋ ಹೋಗುತ್ತದೆ. ಗುರಿ ತಪ್ಪಿದ ಮ್ಯಾಗ್ನಮ್ ಗುಂಡಿಗಿಂತ ಅಪಾಯದ ವಸ್ತು ಬೀದಿಯಲ್ಲಿ ಇನ್ನೊಂದಿಲ್ಲ. ನಳಿಗೆ ಮೇಲಕ್ಕೆ ಏಳುವುದು ಗುಂಡು ಇನ್ನೂ ಒಳಗಿರುವಾಗಲೇ ಶುರುವಾಗುತ್ತದೆ. ಭಾರವಾದ ನಿಧಾನದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಗುರಿಹಲಗೆಯಲ್ಲಿ ಮೇಲೆ ತಗುಲುತ್ತದೆ. ಹಗುರ ಗುಂಡು ಕೆಳಗೆ. ಚಿಕ್ಕ ರಿವಾಲ್ವರುಗಳಲ್ಲಿ ಗುರಿಮೊಳೆಯನ್ನು ಹೊಂದಿಸಲು ಬರುವುದಿಲ್ಲ. ಆದ್ದರಿಂದ ಲೋಡ್ ಬದಲಿಸಿದ ಪ್ರತಿ ಸಲವೂ ಹೊಡೆದು ನೋಡದೆ ವಿಧಿಯಿಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಡ್ರೈವರ್ ದಡಕ್ಕನೆ ಕ್ಲಚ್ ಬಿಟ್ಟರೆ ಬಸ್ಸು ಮುಂದಕ್ಕೆ ಹೋಗುತ್ತದೆ, ನಿಂತವರು ಹಿಂದಕ್ಕೆ ವಾಲುತ್ತಾರೆ. ರಿವಾಲ್ವರಿನ ಗಾಲಿಯಲ್ಲಿ ಕಾಯುತ್ತಿರುವ ಗುಂಡುಗಳ ಗತಿಯೂ ಅದೇ, ದಿಕ್ಕು ಮಾತ್ರ ತಿರುಗುಮುರುಗು. ರಿವಾಲ್ವರ್ ಹಿಂದಕ್ಕೆ ಜಿಗಿಯುವಾಗ ಚಿಪ್ಪುಗಳು ಅದರ ಜೊತೆ ಹೋಗುತ್ತವೆ. ಗುಂಡುಗಳು ಇದ್ದಲ್ಲೇ ಇರಲು ನೋಡುತ್ತವೆ. ಚಿಪ್ಪಿನ ಬಾಯಿ ಬಿಗಿಯಾಗಿ ಮಡಚಿರದಿದ್ದರೆ ಗುಂಡು ಎಳೆ ಎಳೆಯಾಗಿ ಹೊರಗೆ ಸರಿಯುತ್ತದೆ. ಸರಿದ ಗುಂಡು ಗಾಲಿಯಿಂದ ಆಚೆ ಮೂತಿ ಚಾಚಿದರೆ ಗಾಲಿ ತಿರುಗದೆ ಸಿಕ್ಕಿಬೀಳುತ್ತದೆ. ರಿವಾಲ್ವರ್ ಹಗುರಾದಷ್ಟೂ, ಗುಂಡು ಭಾರವಾದಷ್ಟೂ ಈ ಕಾಟ ಹೆಚ್ಚು.

ಇದನ್ನು ಪರೀಕ್ಷಿಸಲು ದೊಡ್ಡ ಲ್ಯಾಬ್ ಬೇಡ. ಶೂಟಿಂಗ್ ರೇಂಜಿನಲ್ಲಿ ಐದು ಕಾಡತೂಸಿನ ಪೈಕಿ ಒಂದರ ಉದ್ದವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಗುರುತು ಹಾಕಿ, ಅದನ್ನು ಕೊನೆಗೆ ಬರುವಂತೆ ತುಂಬುತ್ತಾರೆ. ನಾಲ್ಕನ್ನು ಹಾರಿಸುತ್ತಾರೆ. ಐದನೆಯದನ್ನು ಹೊರಗೆ ತೆಗೆದು ಮತ್ತೆ ಅಳೆಯುತ್ತಾರೆ. ಉದ್ದ ಬದಲಾಗಿರದಿದ್ದರೆ ಆ ಲೋಡ್ ಆ ರಿವಾಲ್ವರಿಗೆ ಆದೀತು. ಬೆಳೆದಿದ್ದರೆ ಡಬ್ಬವನ್ನು ಮುಚ್ಚಿಟ್ಟು ಹಗುರ ಲೋಡ್‌ಗೆ ಇಳಿಯುತ್ತಾರೆ.