ಜೂಲಿಯಸ್ ಸೀಸರ್: ಎಡ ಪುಟ ಓದಿಸುವುದು ಹೇಗೆ?

ಪ್ರಶ್ನೆ: ಮಗಳು ಈ ವರ್ಷ ಒಂಬತ್ತನೇ ಕ್ಲಾಸು, ಉಡುಪಿಯಲ್ಲಿ ಐಸಿಎಸ್‌ಇ ಶಾಲೆ. ಇಂಗ್ಲಿಷ್ ಸಾಹಿತ್ಯಕ್ಕೆ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಉಂಟು. ಪುಸ್ತಕದ ಎಡ ಪುಟದಲ್ಲಿ ಮೂಲ, ಬಲ ಪುಟದಲ್ಲಿ ಸರಳ ಇಂಗ್ಲಿಷ್. ಅವಳು ಬಲ ಪುಟ ಮತ್ತು ಗೈಡ್ ಮಾತ್ರ ಓದುತ್ತಾಳೆ. ಕಥೆ ಪೂರಾ ಗೊತ್ತು, ಆದರೆ ಪರೀಕ್ಷೆಯಲ್ಲಿ ಮೂಲದ ಸಾಲು ಕೊಟ್ಟರೆ ತಬ್ಬಿಬ್ಬಾಗುತ್ತಾಳೆ. ಮನೆಯಲ್ಲಿ ನಾವು ತುಳು, ಕನ್ನಡ ಮಾತಾಡುವವರು. ನಮ್ಮಿಂದ ಏನಾದರೂ ಸಹಾಯ ಆದೀತೇ?

ಉತ್ತರ: ಆದೀತು, ಅದೂ ತುಳು-ಕನ್ನಡದಲ್ಲೇ. ವೇಷ, ಕುಣಿತವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಕೂಟಕ್ಕೆ ಒಮ್ಮೆಯಾದರೂ ಹೋಗಿ ಕೂತವರಿಗೆ ಈ ನಾಟಕ ಓದುವ ಕ್ರಮ ಆಗಲೇ ಗೊತ್ತುಂಟು. ಭಾಗವತರು ಪದ್ಯ ಹೇಳುತ್ತಾರೆ. ಭಾಮಿನಿ ಷಟ್ಪದಿಯೊಂದು ಕಿವಿಗೆ ಬಿದ್ದ ತಕ್ಷಣ ಅದರ ಎಲ್ಲ ಪದವೂ ನಮಗೆ ತಿಳಿಯುವುದಿಲ್ಲ. ಆಮೇಲೆ ಅರ್ಥಧಾರಿ ಮಾತಿಗೆ ತೊಡಗುತ್ತಾರೆ. ಪದ ಬಿಡಿಸಿ ಹೇಳಿ ಅವರು ಸುಮ್ಮನಾಗುವುದಿಲ್ಲ. ತಾನೇ ವಾಲಿಯಾಗಿ, ಎದುರು ಕೂತ ರಾಮನನ್ನು ನೋಡಿ, ಈ ಮಾತು ಈಗ ಯಾಕೆ ಬಂತು ಎಂಬುದನ್ನು ಬಿಚ್ಚುತ್ತಾರೆ. ಮಗಳೂ ಹಾಗೆಯೇ ಎಡ ಪುಟದ ಸಾಲುಗಳನ್ನು ಗಟ್ಟಿಯಾಗಿ ಓದಲಿ, ಪುಸ್ತಕ ಮುಚ್ಚಲಿ, 'ನಾನು' ಎಂದು ಆ ಪಾತ್ರವಾಗಿ ತುಳುವಿನಲ್ಲೋ ಕನ್ನಡದಲ್ಲೋ ಅರ್ಥ ಹೇಳಲಿ. ನೀವು ಎದುರು ಪಾತ್ರವಾಗಿ ಕೂತು 'ಅದು ಹೇಗೆ? ಇದನ್ನು ನನಗೆ ಯಾಕೆ ಹೇಳುತ್ತಿದ್ದೀ?' ಎಂದು ಕೆದಕಬೇಕು. ಒಂದು ಸಲಕ್ಕೆ 10ರಿಂದ 15 ಸಾಲು, 20 ನಿಮಿಷ. ಅದಕ್ಕಿಂತ ಹೆಚ್ಚು ಎಳೆದರೆ ಮಕ್ಕಳು ಮತ್ತೆ ಬಲ ಪುಟಕ್ಕೇ ಜಾರುತ್ತಾರೆ.

ಕಷ್ಟದ ಪದಕ್ಕೆ ಬಲ ಪುಟ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದು ಹೇಳುವುದು ಮಾತಿನ ಸಾರವನ್ನು ಮಾತ್ರ. ಮಾತಿನ ಧಾಟಿ ಅಲ್ಲಿ ಸಿಗುವುದಿಲ್ಲ, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಒಂದು ಉದಾಹರಣೆ ನೋಡಿ. ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ ಸೀಸರನ ಕೊಲೆಗೆ ಸಂಚು ಹೂಡುತ್ತಿರುವ ಕ್ಯಾಸಿಯಸ್, ಅದಕ್ಕೆ ಸೇರಿಸಿಕೊಳ್ಳಬೇಕೆಂದಿರುವ ಬ್ರೂಟಸ್‌ನನ್ನು ಎದುರಿಗೆ ಹೆಚ್ಚಾಗಿ 'ಯೂ' ಎಂದೇ ಕರೆಯುತ್ತಾನೆ. ಬ್ರೂಟಸ್ ಆಚೆ ಹೋಗಿ ತಾನೊಬ್ಬನೇ ಉಳಿದ ಕೂಡಲೇ 'ವೆಲ್, ಬ್ರೂಟಸ್, ದೌ ಆರ್ಟ್ ನೋಬಲ್' ಎನ್ನುತ್ತಾನೆ. ನೀನು ದೊಡ್ಡ ಮನುಷ್ಯನೇ ಸರಿ, ಆದರೂ ನಿನ್ನನ್ನು ಬಗ್ಗಿಸಬಹುದು ಎಂದು ಮುಂದುವರಿಯುತ್ತಾನೆ. ಸರಳ ಇಂಗ್ಲಿಷಿನಲ್ಲಿ ಎರಡೂ 'ಯೂ' ಆಗಿ ಈ ಬದಲಾವಣೆಯೇ ಅಳಿಸಿಹೋಗುತ್ತದೆ. ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದೇ ಬೇಡ. ಕನ್ನಡದ ನೀವು-ನೀನು, ತುಳುವಿನ ಈರ್-ಈ ಅವರಿಗೆ ದಿನಬಳಕೆ. ಎದುರಿಗೆ 'ಈರ್' ಎಂದವನು ಬೆನ್ನ ಹಿಂದೆ 'ಈ' ಎಂದರೆ ಅವನ ಮನಸ್ಸಿನಲ್ಲಿ ಏನುಂಟು ಎಂದು ಉಡುಪಿಯ ಹುಡುಗಿಗೆ ತಟ್ಟನೆ ಹೊಳೆಯುತ್ತದೆ.

ವಾಕ್ಯದ ಜೋಡಣೆಯೂ ಹಾಗೆಯೇ. ಅದೇ ದೃಶ್ಯದಲ್ಲಿ ಬ್ರೂಟಸ್‌ನ ಮಾತು: 'ದಟ್ ಯೂ ಡೂ ಲವ್ ಮೀ, ಐ ಆ್ಯಮ್ ನಥಿಂಗ್ ಜೆಲಸ್, ವಾಟ್ ಯೂ ವುಡ್ ವರ್ಕ್ ಮೀ ಟು, ಐ ಹ್ಯಾವ್ ಸಮ್ ಏಮ್.' ಶಾಲೆಯ ವ್ಯಾಕರಣದ ಪ್ರಕಾರ ಇದು ತಿರುಗುಮುರುಗು. ಕನ್ನಡಕ್ಕೆ ತನ್ನಿ: 'ನಿಮಗೆ ನನ್ನ ಮೇಲೆ ಪ್ರೀತಿ ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ನನ್ನನ್ನು ಯಾವುದಕ್ಕೆ ಎಳೆಯುತ್ತಿದ್ದೀರಿ ಎಂಬುದರ ಸುಳಿವು ನನಗುಂಟು.' ಸಾಲು ಇದ್ದ ಹಾಗೆಯೇ, ಇದ್ದ ಕ್ರಮದಲ್ಲೇ ಕೂತುಬಿಟ್ಟಿತು. ಆದ್ದರಿಂದ ಸಾಲು ಸಿಕ್ಕಾದಾಗ ಇಂಗ್ಲಿಷಿನಲ್ಲೇ ಒದ್ದಾಡುವ ಬದಲು ಮೊದಲು ಕನ್ನಡಕ್ಕೆ ತಂದು ನೋಡಲಿ.

ಆ ಸಾಲಿನಲ್ಲೇ ಒಂದು ಹೊಂಡವೂ ಇದೆ. ಅಲ್ಲಿನ 'ಜೆಲಸ್' ಹೊಟ್ಟೆಕಿಚ್ಚಲ್ಲ, ಅನುಮಾನ. ಗೊತ್ತಿಲ್ಲದ ಪದವನ್ನು ಮಕ್ಕಳು ಅಡಿಟಿಪ್ಪಣಿಯಲ್ಲಿ ಹುಡುಕುತ್ತಾರೆ. ಗೊತ್ತಿದೆ ಎಂದುಕೊಂಡ ಪದವನ್ನು ಹುಡುಕುವುದಿಲ್ಲ, ಎಡವುವುದು ಅಲ್ಲೇ. 'ಸ್ಯಾಡ್' ಎಂದರೆ ಗಂಭೀರ. 'ಸೆನ್ಶರ್' ಎಂದರೆ ತೀರ್ಪು ಕೊಡು, ಬೈಗುಳವಲ್ಲ. 'ವಿಟ್' ಎಂದರೆ ಬುದ್ಧಿ. 'ನಾಟಿ' ಎಂದರೆ ತುಂಟನಲ್ಲ, ಕೆಟ್ಟವನು. ಎಲ್ಲಕ್ಕಿಂತ ಮುಖ್ಯ 'ಆ್ಯಂಬಿಷಸ್'. ಮುಂದೆ ಏನಾಗಬೇಕೆಂದಿದ್ದೀ ಎಂದು ಕೇಳುವಾಗ ಇಂದು ಶಾಲೆಯಲ್ಲಿ ಅದು ಒಳ್ಳೆಯ ಗುಣ. ಈ ನಾಟಕದಲ್ಲಿ ಅದು ಕೊಲೆಗೆ ಕೊಡುವ ಕಾರಣ: ಅಧಿಕಾರದಾಹ. ಈ ಒಂದು ಪದ ತಪ್ಪಾಗಿ ತಿಳಿದರೆ ಮೂರನೆಯ ಅಂಕ ಪೂರ್ತಿ ತಪ್ಪುತ್ತದೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇಂಥ ಪದಗಳ ಪಟ್ಟಿ ಇರಲಿ.

ಇನ್ನು ಸಮಯದ ಹಂಚಿಕೆ. ಐದು ಅಂಕ, ಒಟ್ಟು 18 ದೃಶ್ಯ. ಎಲ್ಲದಕ್ಕೂ ಒಂದೇ ಸಮಯ ಕೊಡುವುದು ದೊಡ್ಡ ತಪ್ಪು. ಮೊದಲ ದಿನ ಕಥೆಯನ್ನು ಮನೆಭಾಷೆಯಲ್ಲಿ ಮುಗಿಸಿಬಿಡಿ. ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ರೋಮಿನಲ್ಲಿ ಸೀಸರನ ಕೊಲೆ, ಕ್ರಿಸ್ತಪೂರ್ವ 42ರಲ್ಲಿ ಫಿಲಿಪ್ಪಿಯ ಯುದ್ಧದಲ್ಲಿ ಕೊಂದವರ ಅಂತ್ಯ. ಷೇಕ್ಸ್‌ಪಿಯರ್ ಇದನ್ನು ತೆಗೆದುಕೊಂಡದ್ದು ಪ್ಲೂಟಾರ್ಕ್ ಬರೆದ ಜೀವನಚರಿತ್ರೆಗಳ ಇಂಗ್ಲಿಷ್ ಅನುವಾದದಿಂದ. ನಾಟಕ ಲಂಡನ್ನಿನಲ್ಲಿ ಆಡಿದ್ದು 1599ರಲ್ಲಿ. ಆಗಿನ ರಾಣಿ ಎಲಿಜಬೆತ್‌ಗೆ ಮಕ್ಕಳಿರಲಿಲ್ಲ, ಮುಂದೆ ಯಾರು ಎಂದು ಘೋಷಣೆಯೂ ಆಗಿರಲಿಲ್ಲ. ಆಳುವವರು ಹೋದ ಮೇಲೆ ಏನು ಎಂಬುದು ಅಲ್ಲಿನ ಜನರಿಗೆ ಕಥೆಯ ಪ್ರಶ್ನೆ ಮಾತ್ರವಾಗಿರಲಿಲ್ಲ. ಇಷ್ಟು ಹಿನ್ನೆಲೆ ಸಾಕು.

ಉಳಿದ ಶ್ರಮವೆಲ್ಲ ಐದು ದೃಶ್ಯಗಳಿಗೆ ಸಲ್ಲಲಿ: ಮೊದಲ ಅಂಕದ ಎರಡನೆಯದು, ಎರಡನೆಯ ಅಂಕದ ಮೊದಲನೆಯದು, ಮೂರನೆಯ ಅಂಕದ ಮೊದಲೆರಡು, ನಾಲ್ಕನೆಯದರಲ್ಲಿ ಬ್ರೂಟಸ್-ಕ್ಯಾಸಿಯಸ್ ಜಗಳದ ದೃಶ್ಯ. ಯುದ್ಧದ ಸಣ್ಣ ಸಣ್ಣ ದೃಶ್ಯಗಳನ್ನು ಒಂದೇ ಓದಿಗೆ ದಾಟಬಹುದು.

ಎರಡನೆಯ ಅಂಕದ ಆರಂಭದಲ್ಲಿ ನಡುರಾತ್ರಿ ಬ್ರೂಟಸ್ ತೋಟದಲ್ಲಿ ಒಬ್ಬನೇ ಮಾತಾಡುತ್ತಾನೆ. ಆ ಸ್ವಗತದ ಮೊದಲ ಮಾತೇ 'ಅವನ ಸಾವಿನಿಂದಲೇ ಆಗಬೇಕು'. ತೀರ್ಪು ಮೊದಲು ಬಂತು, ಕಾರಣ ಆಮೇಲೆ. ಆ ಕಾರಣವಾದರೂ ಏನು? ಸೀಸರನ ಮೇಲೆ ತನಗೆ ಸ್ವಂತ ದ್ವೇಷವಿಲ್ಲ ಎನ್ನುತ್ತಾನೆ. ಕಿರೀಟ ಸಿಕ್ಕರೆ ಸೀಸರ್ ಬದಲಾಗಬಹುದು, ಕಚ್ಚಬಹುದು, ಆದ್ದರಿಂದ ಹಾವಿನ ಮೊಟ್ಟೆ ಎಂದುಕೊಂಡು ಚಿಪ್ಪಿನೊಳಗೇ ಕೊಲ್ಲಬೇಕು. ಆ ಸಾಲುಗಳಲ್ಲಿ 'ಮೇ', 'ಮೈಟ್' ಎಂಬ ಪದಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿಸಿ. ಸೀಸರ್ ಮಾಡಿದ ಒಂದು ತಪ್ಪೂ ಅಲ್ಲಿಲ್ಲ, ಇರುವುದೆಲ್ಲ ಮಾಡಬಹುದಾದದ್ದು. ಅಷ್ಟರಲ್ಲಿ ಹುಡುಗ ಲೂಸಿಯಸ್ ಒಂದು ಪತ್ರ ತಂದುಕೊಡುತ್ತಾನೆ. ಕ್ಯಾಸಿಯಸ್ ಊರವರ ಹೆಸರಲ್ಲಿ ಬರೆಸಿ ಎಸೆದ ಕಳ್ಳ ಪತ್ರ ಅದು. ಅದರಲ್ಲಿ ಅರ್ಧಕ್ಕೆ ನಿಂತ ವಾಕ್ಯಗಳಿವೆ: 'ರೋಮ್ ಏನು... ಇತ್ಯಾದಿ'. ಬಿಟ್ಟ ಜಾಗವನ್ನು ಬ್ರೂಟಸ್ ತಾನೇ ತುಂಬಿಕೊಂಡು ಓದುತ್ತಾನೆ. ಅವನಿಗೆ ಯಾರೂ ಪೂರ್ತಿ ಸುಳ್ಳು ಹೇಳಬೇಕಾಗಲಿಲ್ಲ. ಅರ್ಧ ಹೇಳಿದರೆ ಉಳಿದರ್ಧ ಅವನದೇ. ಬ್ರೂಟಸ್‌ನ ಸ್ವಭಾವದ ಬಗ್ಗೆ ಗೈಡಿನ ಎರಡು ಪುಟ ಬಾಯಿಪಾಠ ಮಾಡುವುದಕ್ಕಿಂತ ಈ ಪತ್ರವೊಂದನ್ನು ನೆನಪಿಡುವುದು ಮೇಲು.

ಇನ್ನು ಸೀಸರನ ಅಂತ್ಯಕ್ರಿಯೆಯ ಎರಡು ಭಾಷಣಗಳು. ಇವನ್ನು ಎದುರುಬದುರು ಕೂತು ಮಾಡಿಸಿ. ಬ್ರೂಟಸ್‌ನದು ಗದ್ಯ, ಸೀಸರನ ಗೆಳೆಯ ಆ್ಯಂಟನಿಯದು ಪದ್ಯ. ಬ್ರೂಟಸ್ ತೂಗಿ ಜೋಡಿಸಿದ ವಾಕ್ಯಗಳಲ್ಲಿ ಮಾತಾಡುತ್ತಾನೆ: ಸೀಸರ್ ನನ್ನನ್ನು ಪ್ರೀತಿಸಿದ, ಅದಕ್ಕೆ ಅಳುತ್ತೇನೆ, ವೀರನಾಗಿದ್ದ, ಅದಕ್ಕೆ ಗೌರವಿಸುತ್ತೇನೆ, ಅಧಿಕಾರದಾಹಿಯಾಗಿದ್ದ, ಅದಕ್ಕೆ ಕೊಂದೆ. ಕೇಳಲು ಚೆಂದ. ಆದರೆ ದಾಹ ಇತ್ತು ಎನ್ನಲು ಒಂದು ಸಾಕ್ಷಿಯನ್ನೂ ಕೊಡುವುದಿಲ್ಲ. ಜನ ಜೈಕಾರ ಹಾಕುತ್ತಾರೆ, ಅವರಲ್ಲೊಬ್ಬ 'ಇವನೇ ಸೀಸರ್ ಆಗಲಿ' ಎಂದು ಕೂಗುತ್ತಾನೆ. ಒಬ್ಬ ಸೀಸರ್ ಬೇಡವೆಂದು ಕೊಂದವನನ್ನೇ ಸೀಸರ್ ಮಾಡಹೊರಟರು! ಬ್ರೂಟಸ್‌ನ ವಾದ ಯಾರ ತಲೆಗೂ ಹೋಗಿಲ್ಲ ಎಂಬುದಕ್ಕೆ ಈ ಪುಟ್ಟ ಸಾಲು ಸಾಕು.

ಆ್ಯಂಟನಿಯ ಭಾಷಣವನ್ನು ಪೆನ್ಸಿಲ್ ಹಿಡಿದೇ ಓದಬೇಕು. 'ಆನರಬಲ್' ಬಂದಲ್ಲೆಲ್ಲ ಗೆರೆ ಎಳೆಯಲಿ. ಮೊದಲ ಸುತ್ತಿನಲ್ಲೇ ಬ್ರೂಟಸ್ ಮರ್ಯಾದಸ್ಥ ಎಂಬ ಮಾತು ನಾಲ್ಕು ಸಲ ಬರುತ್ತದೆ. ಮೊದಲನೆಯದು ಬರೀ ಸೌಜನ್ಯ. ಎರಡನೆಯದಕ್ಕೆ ಮೊದಲು ಸೀಸರನ ಬಗ್ಗೆ 'ಅವನು ನನ್ನ ಗೆಳೆಯ, ನಂಬಿಕಸ್ಥ' ಎಂದಾಯಿತು. ಮೂರನೆಯದಕ್ಕೆ ಮೊದಲು ಸೀಸರ್ ಸೆರೆಯಾಳುಗಳನ್ನು ತಂದು ಅವರ ಬಿಡುಗಡೆಯ ಹಣದಿಂದ ಬೊಕ್ಕಸ ತುಂಬಿಸಿದ್ದು, ಬಡವರು ಅತ್ತಾಗ ತಾನೂ ಅತ್ತದ್ದು. ನಾಲ್ಕನೆಯದಕ್ಕೆ ಮೊದಲು ಮೂರು ಸಲ ಕಿರೀಟ ಬೇಡವೆಂದದ್ದು. ಪದ ಅದೇ, ಪ್ರತಿ ಸಲವೂ ಅದರ ಹಿಂದೆ ಒಂದೊಂದು ಸಾಕ್ಷಿ ಸೇರಿ ಅದರ ಬಣ್ಣವೇ ಕೆಡುತ್ತಾ ಹೋಗುತ್ತದೆ. ಕೊನೆಗೆ ಗುಂಪಿನಲ್ಲೊಬ್ಬ ಅದೇ ಪದವನ್ನು ಉಗುಳಿದ ಹಾಗೆ ತಿರುಗಿ ಹೇಳುತ್ತಾನೆ: 'ದ್ರೋಹಿಗಳು ಅವರು, ಮರ್ಯಾದಸ್ಥರಂತೆ!' ನಾಲ್ಕು ಸಲವನ್ನೂ ಬೇರೆ ಬೇರೆ ಧ್ವನಿಯಲ್ಲಿ ಹೇಳಿಸಿ ನೋಡಿ. ವ್ಯಂಗ್ಯ ಎಂದರೇನು ಎಂಬ ವ್ಯಾಖ್ಯಾನವನ್ನು ಆಮೇಲೆ ಉರುಹೊಡೆಯಬೇಕಾಗಿಲ್ಲ.

ಛಂದಸ್ಸನ್ನೂ ಇದೇ ಸಾಲಿನಲ್ಲಿ ಕಲಿಸಬಹುದು. 'ಆ್ಯಂಡ್ ಬ್ರೂ-ಟಸ್ ಇಸ್ ಆ್ಯನ್ ಆನ್-ಅರ್-ಅ-ಬಲ್ ಮ್ಯಾನ್': ಹತ್ತು ಉಚ್ಚಾರಾಂಶ, ಎರಡೆರಡರ ಐದು ಜೋಡಿ, ಪ್ರತಿ ಜೋಡಿಯಲ್ಲಿ ಎರಡನೆಯದಕ್ಕೆ ಪೆಟ್ಟು. ಮೇಜಿನ ಮೇಲೆ ಬೆರಳಿನಿಂದ ತಟ್ಟಿದರೆ ಐದು ಪೆಟ್ಟು ಸಿಗುತ್ತದೆ. ಭಾಮಿನಿಯ ಹಾಗೆ ಮಾತ್ರೆ ಎಣಿಸಲು ಹೋಗಬೇಡಿ, ಲೆಕ್ಕ ಕೂಡುವುದಿಲ್ಲ. ಇಂಗ್ಲಿಷಿನಲ್ಲಿ ಲಘು-ಗುರು ಕೆಲಸಕ್ಕೆ ಬಾರದು, ಒತ್ತು ಬಿದ್ದದ್ದು ಬೀಳದ್ದು ಮಾತ್ರ ನೋಡಬೇಕು. ಕೆಲವು ಸಾಲಿಗೆ ಹನ್ನೊಂದು ಬಂದರೆ ಗಾಬರಿ ಬೇಡ, ಅದೂ ರೂಢಿಯೇ.

ಸೀಸರನ ಉಯಿಲಿನ ಸಂಗತಿಯನ್ನು ಗೈಡ್‌ಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಿಧಾನವಾಗಿ ನೋಡಿ. ಆ್ಯಂಟನಿ ಕಾಗದ ತೋರಿಸುತ್ತಾನೆ, ಓದುವುದಿಲ್ಲ. ಜನ ಓದು ಓದು ಎಂದು ಕೂಗಿದಾಗ ವೇದಿಕೆಯಿಂದ ಕೆಳಗಿಳಿಯುತ್ತಾನೆ. ಸೀಸರನ ನಿಲುವಂಗಿ ಹಿಡಿದು ಒಂದೊಂದೇ ತೂತು ತೋರಿಸುತ್ತಾನೆ: ಇದು ಕ್ಯಾಸಿಯಸ್‌ನದು, ಇದು ಕ್ಯಾಸ್ಕಾನದು, ಇದು ಬ್ರೂಟಸ್‌ನದು. ಆಮೇಲೆ ಬಟ್ಟೆ ಸರಿಸಿ ಹೆಣ. ಜನ ಬೆಂಕಿ ಹಚ್ಚಲು ಹೊರಟುಬಿಡುತ್ತಾರೆ. ಆಗ 'ಉಯಿಲನ್ನೇ ಮರೆತಿರಲ್ಲ' ಎಂದು ತಿರುಗಿ ಕರೆದು, ಪ್ರತಿಯೊಬ್ಬ ಪ್ರಜೆಗೂ 75 ದ್ರಾಕ್ಮಾ ಎಂದು ಓದುತ್ತಾನೆ. ಹಣದ ಮಾತು ಎಲ್ಲಕ್ಕಿಂತ ಕೊನೆಗೆ. ಮುಂದಿನ ದೃಶ್ಯದಲ್ಲಿ ಆ ಜನ ಸಿನ್ನಾ ಎಂಬ ಕವಿಯನ್ನು ಸಂಚುಗಾರರಲ್ಲೊಬ್ಬನ ಹೆಸರೂ ಅದೇ ಎಂಬ ಕಾರಣಕ್ಕೆ ಹರಿದು ಹಾಕುತ್ತಾರೆ. ಅದರ ಮುಂದಿನ ದೃಶ್ಯದಲ್ಲಿ ಅದೇ ಆ್ಯಂಟನಿ ಮೇಜಿನ ಮುಂದೆ ಕೂತು, ಆ ಉಯಿಲು ತನ್ನಿ, ಕೊಡಬೇಕಾದದ್ದರಲ್ಲಿ ಎಷ್ಟು ಕಡಿತ ಮಾಡಬಹುದು ನೋಡೋಣ ಎನ್ನುತ್ತಾನೆ. ಎರಡೇ ಸಾಲು. ನಾಲ್ಕನೆಯ ಅಂಕದ ಆ ಸಣ್ಣ ದೃಶ್ಯವನ್ನು ಹಾರಿಸಿದ ಮಕ್ಕಳಿಗೆ ಆ್ಯಂಟನಿ ಕೊನೆಯವರೆಗೂ ನಿಷ್ಠ ಗೆಳೆಯನಾಗಿಯೇ ಉಳಿಯುತ್ತಾನೆ.

ಸಾಹಿತ್ಯದ ಪತ್ರಿಕೆ 80 ಅಂಕದ್ದು, ಶಾಲೆಯ ಆಂತರಿಕ ಅಂಕ 20. ಸಾಲು ಕೊಟ್ಟು ಕೇಳುವ ಪ್ರಶ್ನೆಗೆ ಮೂರು ಸಂಗತಿ ಕೈಯಲ್ಲಿರಲಿ: ಯಾರು ಯಾರಿಗೆ ಹೇಳಿದ್ದು, ಅದಕ್ಕೆ ತುಸು ಮೊದಲು ಏನಾಯಿತು, ಈ ಮಾತಿನಿಂದ ಎದುರಿನವರಲ್ಲಿ ಏನು ಬದಲಾಯಿತು. ನೋಟ್‌ಬುಕ್ಕಿನಲ್ಲಿ ಪ್ರತಿ ಮುಖ್ಯ ಮಾತಿಗೂ ಈ ಮೂರು ಕಾಲಂ ಎಳೆದುಕೊಂಡರೆ ಗೈಡ್ ತಾನಾಗಿ ಮೂಲೆ ಸೇರುತ್ತದೆ. 'ಆ್ಯಂಟನಿ ಜನರನ್ನು ರೊಚ್ಚಿಗೆಬ್ಬಿಸಿದ' ಎಂದು ಎಲ್ಲರೂ ಬರೆಯುತ್ತಾರೆ. 'ಆನರಬಲ್ ಎಂಬ ಪದವನ್ನೇ ಮತ್ತೆ ಮತ್ತೆ ಹೇಳಿ, ಜನರೇ ಅದನ್ನು ಬೈಗುಳದಂತೆ ತಿರುಗಿ ಹೇಳುವವರೆಗೆ ತಂದ' ಎಂದು ಬರೆಯಲು ಎಡ ಪುಟ ಓದಿರಬೇಕು. ಉದ್ಧರಣೆ ಮೂರು-ನಾಲ್ಕು ಪದ ಸಾಕು. ಉದ್ದ ಸಾಲು ಬಾಯಿಪಾಠ ಬರೆಯಲು ಹೋಗಿ ಪದ ತಪ್ಪಿಸಿಕೊಳ್ಳುವವರೇ ಹೆಚ್ಚು.

ತರಗತಿಯಲ್ಲಿ ತಪ್ಪದೆ ಚರ್ಚೆಗೆ ಬರುವ ಪ್ರಶ್ನೆ, ಈ ದುರಂತ ಯಾರದು ಎಂಬುದು. ಸೀಸರ್ ಜೀವಂತ ಕಾಣಿಸುವುದು ಮೂರೇ ದೃಶ್ಯಗಳಲ್ಲಿ, ಆಮೇಲೊಮ್ಮೆ ಪ್ರೇತವಾಗಿ. ನಾಟಕದ ನಡುವಿನಲ್ಲೇ ಅವನು ಸತ್ತ. ನಮ್ಮ ಮತ ಬ್ರೂಟಸ್‌ನ ಕಡೆಗೆ. ಅದಕ್ಕೆ ಆಧಾರ ಅವನ ಮೂರು ನಿರ್ಧಾರಗಳು: ಆ್ಯಂಟನಿಯನ್ನು ಕೊಲ್ಲುವುದು ಬೇಡ ಎಂದದ್ದು, ಅವನಿಗೆ ಅಂತ್ಯಕ್ರಿಯೆಯಲ್ಲಿ ಮಾತಾಡಲು ಬಿಟ್ಟದ್ದು, ಶತ್ರು ಬರುವವರೆಗೆ ಕಾಯದೆ ಫಿಲಿಪ್ಪಿಗೆ ನಡೆದದ್ದು. ಮೂರಕ್ಕೂ ಕ್ಯಾಸಿಯಸ್‌ನ ವಿರೋಧವಿತ್ತು, ಕ್ಯಾಸಿಯಸ್‌ನ ಮಾತೇ ಸರಿ ಇತ್ತು. ಆದರೂ ಪ್ರತಿ ಸಲ ಗೆದ್ದದ್ದು ಬ್ರೂಟಸ್‌ನ ಮಾತು, ಯಾಕೆಂದರೆ ಅವನ ಒಳ್ಳೆಯ ಹೆಸರಿಗಾಗಿಯೇ ಅವನನ್ನು ಸೇರಿಸಿಕೊಂಡದ್ದು, ಆ ಹೆಸರಿನ ಎದುರು ಯಾರೂ ಮಾತಾಡಲಾರರು. ಮಗಳು ಸೀಸರನ ಕಡೆ ವಾದಿಸಿದರೂ ಅಂಕ ಸಿಗುತ್ತದೆ: ಕ್ಯಾಸಿಯಸ್ ಸಾಯುವಾಗಲೂ ಬ್ರೂಟಸ್ ಸಾಯುವಾಗಲೂ ಬಾಯಲ್ಲಿ ಬರುವ ಹೆಸರು ಸೀಸರನದೇ. ಒಂದು ರಾತ್ರಿ ಅವಳು ಈ ಕಡೆ, ನೀವು ಆ ಕಡೆ; ಮರುದಿನ ಪಾತ್ರ ಅದಲುಬದಲು ಮಾಡಿಕೊಳ್ಳಿ.