ಟ್ಯಾಂಕ್ ತುಂಬಿದೆ, ಗಾಡಿ ಚಾಲೂ ಆಗುತ್ತಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಟ್ರ್ಯಾಕ್ಟರ್ ರಿಪೇರಿ ಮಾಡುವ ನನ್ನ ಫೋನ್ ಬೆಳಗಿನ ಐದಕ್ಕೇ ಬಡಿದುಕೊಳ್ಳುತ್ತದೆ. "ಮಿಸ್ತ್ರಿ, ಡೀಸೆಲ್ ಹಾಕೀನಿ, ಸೆಲ್ಫ್ ಹೊಡಿತೈತಿ, ಗಾಡಿ ಚಾಲೂ ಆಗವಲ್ದು." ನಾನು ಕೇಳುವುದು ಒಂದೇ ಮಾತು. "ನಿನ್ನೆ ಟ್ಯಾಂಕ್ ಖಾಲಿ ಆಗಿತ್ತೇನಪಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹೌದ್ರಿ, ಗದ್ದ್ಯಾಗ ಕೆಸರು ಹೊಡೆಯೋವಾಗ ನಿಂತಿತ್ತು."

ಏರ್ ಹಿಡಿದಿದೆ, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿದೆ, ಅಷ್ಟೇ. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಸ್ಪಂಜಿನ ಹಾಗೆ ಕುಗ್ಗುತ್ತದೆ. ಹಳೇ ಮಾದರಿ ಟ್ರ್ಯಾಕ್ಟರಿನಲ್ಲಿ ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನೋಜಲ್ ಬಾಯಿ ಬಿಡಬೇಕಾದರೆ ಸುಮಾರು 200 ಬಾರ್ ಒತ್ತಡ ಬೇಕು. ಕಾರಿನ ಟೈರಿನಲ್ಲಿ ಇರುವುದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು. ಪೈಪಿನಲ್ಲಿ ಗಾಳಿ ಕೂತಿದ್ದರೆ ಪಂಪು ಒತ್ತಿದ್ದೆಲ್ಲ ಅದನ್ನು ಹಿಚುಕುವುದಕ್ಕೇ ಹೋಗುತ್ತದೆ. ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಸಿಕೊಂಡವರೇ ಜಾಸ್ತಿ.

ತೆಗೆಯುವುದು ಕಷ್ಟವಲ್ಲ. ಟ್ಯಾಂಕಿನ ಕಡೆಯಿಂದ ಶುರು ಮಾಡಿ. ಮೊದಲ ಫಿಲ್ಟರಿನ ತಲೆ ಮೇಲಿನ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತುವ ಗುಂಡಿ) ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ, ಬುಸ್ ಬುಸ್ ಅಂತ ಉಗುಳುತ್ತದೆ, ಕೊನೆಗೆ ಗುಳ್ಳೆ ಇಲ್ಲದೆ ಡೀಸೆಲ್ ಹರಿಯುತ್ತದೆ. ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಕೈ ನಿಲ್ಲಿಸಿ ಆಮೇಲೆ ಬಿಗಿದರೆ ಗಾಳಿ ಮತ್ತೆ ಒಳಗೆ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ನೋಜಲ್ಲಿಗೆ ಡೀಸೆಲ್ ದೂಡುವ ಮೇನ್ ಪಂಪಿನ ಸ್ಕ್ರೂ. ಅಷ್ಟಕ್ಕೂ ಚಾಲೂ ಆಗದಿದ್ದರೆ ಮಾತ್ರ ನೋಜಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ, ಮೋಟಾರು ಸುಟ್ಟೀತು. ಆಗ ಬೆರಳು ಅಡ್ಡ ಹಿಡಿದು ನೋಡುವ ಚಟ ಕೆಲವರಿಗೆ ಇದೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಬೆರಳೇ ಹೋಗುವ ಕೆಲಸ ಅದು. ಹಾಗೇನಾದರೂ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನನ್ನ ತಲೆ ಕೆಡಿಸುವುದು ಏರ್ ತೆಗೆದ ಮೇಲೂ ದಿನಾ ಏರ್ ಹಿಡಿಯುವ ಗಾಡಿ. ಕಾರಟಗಿ ಹತ್ತಿರದ ಒಂದು ಕ್ಯಾಂಪಿನ ರೈತರ ಗಾಡಿಗೆ ಮೂರು ಸಲ ಏರ್ ತೆಗೆದೆ. ಹೊಸ ಫಿಲ್ಟರ್ ಹಾಕಿದೆ, ತಾಮ್ರದ ವಾಷರ್ ಬದಲಿಸಿದೆ. (ಹಳೇ ವಾಷರನ್ನೇ ತಿರುವಿ ಹಾಕುವ ಜಿಪುಣತನ ಬೇಡ, ಒಮ್ಮೆ ಒತ್ತಿದ ತಾಮ್ರ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ.) ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಕೊನೆಗೆ ಅವರೇ ಒಂದು ಮಾತು ಅಂದರು. "ಟ್ಯಾಂಕ್ ತುಂಬಿದ್ರ ಏನೂ ಆಗಂಗಿಲ್ಲ ಅಣ್ಣಾ, ಅರ್ಧಕ್ಕ ಇಳಿದ ಮ್ಯಾಲೆ ಇದರ ಆಟ ಶುರು."

ಅಲ್ಲೇ ಸಿಕ್ಕಿತು. ಡೀಸೆಲ್ ಮಟ್ಟ ಪಂಪಿಗಿಂತ ಕೆಳಗೆ ಇಳಿದಾಗ ಪಂಪು ಡೀಸೆಲನ್ನು ಎಳೆದುಕೊಳ್ಳಬೇಕು. ಎಳೆಯುವ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ! ಫೀಡ್ ಪಂಪಿಗೆ ಬರುವ ರಬ್ಬರ್ ಪೈಪು ತೆಗೆದು, ಸ್ವಲ್ಪ ಹೊತ್ತಿಗೆ ಅಂತ ಪಾರದರ್ಶಕ ಪೈಪು ಹಾಕಿದೆ. ಅದುವರೆಗೆ ಮಣಿಸರದ ಹಾಗೆ ಬರುತ್ತಿದ್ದ ಗುಳ್ಳೆ ನಿಂತೇ ಹೋಯಿತು, ಅಂದರೆ ತಪ್ಪು ಆ ರಬ್ಬರ್ ಪೈಪಿನದೇ. ಹಳೇ ಪೈಪನ್ನು ಬಗ್ಗಿಸಿ ನೋಡಿದರೆ ಕ್ಲಿಪ್ಪಿನ ಕೆಳಗೆ ಉಗುರಿನ ಗೀರಿನಷ್ಟು ಬಿರುಕು.

ಟ್ಯಾಂಕಿನ ಮುಚ್ಚಳವನ್ನೂ ನೋಡಿ. ಅದರ ಗಾಳಿ ತೂತಿಗೆ ಕೆಸರು ಮೆತ್ತಿದ್ದರೂ ಗಾಡಿ ಹೀಗೇ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಬುಸ್ ಅಂದರೆ ಗೊತ್ತಾಗುತ್ತದೆ.

ಇದೆಲ್ಲ ಹಳೇ ಪಂಪಿನ ಗಾಡಿಗಳ ಮಾತು. ನಿಮ್ಮದು ಕಾಮನ್ ರೈಲ್ (ಎಲ್ಲ ನೋಜಲ್ಲಿಗೂ ಒಂದೇ ದಪ್ಪ ಪೈಪಿನಿಂದ ಡೀಸೆಲ್ ಹೋಗುವ ಹೊಸ ಮಾದರಿ) ಇಂಜಿನ್ ಆಗಿದ್ದರೆ ನೋಜಲ್ ಪೈಪಿಗೆ ಪಾನಾ ಹಚ್ಚಲೇಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಹ್ಯಾಂಡ್ ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೂ ಚಾಲೂ ಆಗದಿದ್ದರೆ ಆ ಗಾಡಿ ಬಲ್ಲವರನ್ನು ಕರೆಯಿರಿ.